ಟೈಲರಮ್ಮನ ದಾರ

ಬೀದಿಯವರೆಲ್ಲ ಟೈಲರಮ್ಮ ಅಂತ ಕರೆಯುವ ಆಕೆ ಅಳತೆಯ ಟೇಪು ಮುಟ್ಟಿದವಳೇ ಅಲ್ಲ. ಸೊಂಟಕ್ಕೊಂದು, ತೋಳಿಗೊಂದು ದಾರ ಹಿಡಿದು ಗಂಟು ಹಾಕುತ್ತಾಳೆ. ಆ ಗಂಟು ನೋಡಿಕೊಂಡೇ ಕತ್ತರಿ ಆಡಿಸುತ್ತಾಳೆ. ಹೊಲಿಗೆಯೇನೋ ಅಚ್ಚುಕಟ್ಟು, ಆದರೆ ಅಂಕಿ ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತಾಳೆ.

ಅದಕ್ಕೆ ಕಾರಣ ಒಬ್ಬ ಲೆಕ್ಕದ ಮೇಷ್ಟ್ರು. ನಾಲ್ಕನೇ ಕ್ಲಾಸಿನಲ್ಲಿ ಭಾಗಾಕಾರ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದ ಆ ಪುಣ್ಯಾತ್ಮ, ಅವಳು ಸೀಮೆಸುಣ್ಣ ಹಿಡಿದು ಒಂದು ಗಳಿಗೆ ತಡೆದದ್ದಕ್ಕೇ, "ನಿನ್ನ ತಲೇಲಿ ಬರೀ ಮಣ್ಣು, ಹೋಗಿ ಕೂತ್ಕೋ" ಅಂದುಬಿಟ್ಟಿದ್ದ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತ್ತು.

ಮೊನ್ನೆ ಮಗಳು ಹೊಲಿಗೆ ಮಿಷನ್ನಿನ ಪಕ್ಕ ಕೂತು ಭಾಗಾಕಾರ ಮಾಡುತ್ತಿದ್ದಳು. ನಡುವೆ ಪೆನ್ಸಿಲ್ ನಿಂತಿತು. ತಾಯಿ ಅದನ್ನು ನೋಡಿದಳು. ತಲೆ ಸವರಿ, "ಬಿಡು ಪುಟ್ಟಿ, ನಮ್ಮಂಥವರ ತಲೆಗೆ ಲೆಕ್ಕ ಹತ್ತಲ್ಲ" ಅಂದಳು.

ಮಗಳು ಮುಖ ಎತ್ತಲಿಲ್ಲ. "ಸುಮ್ನಿರಮ್ಮ, ನಾನಿನ್ನೂ ಯೋಚ್ನೆ ಮಾಡ್ತಿದೀನಿ."

ಟೈಲರಮ್ಮನ ಕಾಲು ಪೆಡಲ್ಲಿನ ಮೇಲೆ ಹಾಗೇ ನಿಂತುಬಿಟ್ಟಿತು. ಅವತ್ತು ಬೋರ್ಡಿನ ಮುಂದೆ ತಾನೂ ಯೋಚನೆಯನ್ನೇ ಮಾಡುತ್ತಿದ್ದೆನಲ್ಲ ಅನ್ನುವುದು ಇಷ್ಟು ವರ್ಷದಲ್ಲಿ ಅವಳಿಗೆ ಹೊಳೆದದ್ದು ಇದೇ ಮೊದಲು.