ಬುಧವಾರ ಮುಚ್ಚಿದ ಬಾಗಿಲು

ಭದ್ರಾವತಿಯ ಬಸವರಾಜೇಶ್ವರಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಷಡಕ್ಷರಪ್ಪನವರ ಜವಳಿ ಅಂಗಡಿಯ ಮಾಳಿಗೆಯ ಮೇಲೆ, ನಾಲ್ಕು ಕಂಪ್ಯೂಟರುಗಳ ಇಂಟರ್‌ನೆಟ್ ಕೇಂದ್ರ ತೆರೆದದ್ದು ೨೦೦೨ರ ನವೆಂಬರ್ ೧ರಂದು. ತಂದೆ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವರು. ಉರಿಯುವ ಕುಲುಮೆಯನ್ನೂ ಆಗಾಗ ಆರಿಸಿ ತೇಪೆ ಹಾಕದಿದ್ದರೆ ಅದು ಒಂದು ದಿನ ಬಾಯಿಬಿಡುತ್ತದೆಂಬುದು ಆ ಮನೆಯ ಪಾಠ. ಆದ್ದರಿಂದ ತಿಂಗಳಿಗೊಂದು ಬುಧವಾರ ಅವಳು ಬಾಗಿಲು ಮುಚ್ಚಿ, ಟೆಲಿಫೋನ್ ತಂತಿಯ ಆಮೆನಡಿಗೆಯಲ್ಲಿ, ಕಂಪ್ಯೂಟರುಗಳ ತಂತ್ರಾಂಶದ ಬಿರುಕು ಮುಚ್ಚುವ ಹೊಸ ತೇಪೆಗಳನ್ನು, ಅಂದರೆ 'ಪ್ಯಾಚ್'ಗಳನ್ನು, ಇಳಿಸಿಕೊಳ್ಳುತ್ತಿದ್ದಳು.

೨೦೦೪ರ ಏಪ್ರಿಲ್ ೧೪, ಬುಧವಾರ. ಕಾಲೇಜುಗಳಿಗೆ ರಜೆ. ಮೆಟ್ಟಿಲೇರಿದ ಹುಡುಗರು ಮುಚ್ಚಿದ ಬಾಗಿಲು ನೋಡಿ ಇಳಿದುಹೋದರು. ಷಡಕ್ಷರಪ್ಪನವರು ಏದುಸಿರು ಬಿಡುತ್ತ ಹತ್ತಿಬಂದು ಬಾಗಿಲು ಬಡಿದರು.

"ಗಿರಾಕಿ ಬರೋ ದಿನಾನೇ ಬಾಗಿಲು ಹಾಕ್ತೀಯಲ್ಲ, ಏನು ವ್ರತಾನಾ ಮಾರಾಯ್ತಿ? ಕಂಪ್ಯೂಟರು ಚೆನ್ನಾಗೇ ಓಡ್ತಿದೆಯಲ್ಲ."

"ಚೆನ್ನಾಗಿರೋ ಸೀರೆಗೇ ಅಲ್ವಾ ಯಜಮಾನ್ರೇ, ನೀವು ನುಸಿಗುಳಿಗೆ ಇಡೋದು? ತೂತು ಬಿದ್ದ ಮೇಲೆ ಇಡ್ತೀರಾ?"

"ಬಾಯಿಗೇನೂ ಬರ ಇಲ್ಲ. ನಿನ್ನ ಗಿರಾಕಿ ಮೆಟ್ಟಿಲು ಹತ್ತಿದ್ರೆ ತಾನೆ ನನ್ನ ಅಂಗಡಿ ಮೇಲೆ ಕಣ್ಣು ಬೀಳೋದು. ಇನ್ನೊಂದು ಸಲ ಮುಚ್ಚಿದ್ರೆ ಕೀಲಿ ನನ್ನ ಗಲ್ಲಾ ಮೇಲಿಟ್ಟು ಹೋಗು. ದಿನಾ ತೆಗೆಯೋರಿಗೆ ಮಾಳಿಗೆ ಕೊಡ್ತೀನಿ."

ಗಾಯದ ಮೇಲೆ ಬರೆಯೆಂಬಂತೆ, ಅಂದಿನ ತೇಪೆ ಬಿದ್ದೊಡನೆ ಅವಳ ಹಳೆಯ ಪ್ರಿಂಟರ್ ಮೂಕವಾಯಿತು. ಯಜಮಾನರಿಗೆ ಆಡಿಕೊಳ್ಳಲು ಇನ್ನೊಂದು ಮಾತು ಸಿಕ್ಕಿತು. ಅವಳು ಮಾತ್ರ ತೇಪೆಯನ್ನು ಕೀಳಲಿಲ್ಲ.

ಮೇ ೩, ಸೋಮವಾರ, ಡಿಪ್ಲೊಮಾ ಫಲಿತಾಂಶ. ಎರಡು ದಿನಗಳಿಂದ ದೇಶದೇಶಗಳಲ್ಲಿ ಹರಿದಾಡುತ್ತಿದ್ದ ಕಂಪ್ಯೂಟರ್ ಹುಳು ಊರಿಗೂ ಬಂದಿತ್ತು. ಬೇರೆ ಕೇಂದ್ರಗಳಲ್ಲಿ ತೇಪೆಯಿಲ್ಲದ ಯಂತ್ರಗಳು ಇಂಟರ್‌ನೆಟ್ಟಿಗೆ ತಗುಲಿದೊಡನೆ ತಾವಾಗಿಯೇ ಆರಿ, ಹೊತ್ತಿ, ಮತ್ತೆ ಆರುತ್ತಿದ್ದವು. ಊರಂಚಿನ ನವುಲೆಯಿಂದಲೂ ಹುಡುಗರು ಗಾಂಧಿ ಬಜಾರಿಗೆ ಓಡಿಬಂದರು. ಏಪ್ರಿಲಿನ ತೇಪೆ ಬಿದ್ದಿದ್ದ ಅವಳ ನಾಲ್ಕೂ ಯಂತ್ರಗಳು ಮಾತ್ರ ಆರದೆ ಓಡಿದವು.

"ಪ್ರಿಂಟ್ ಬರಲ್ವಾ ಅಕ್ಕಾ?"

"ಕೈ ಇದೆಯಲ್ಲ."

ಸಂಜೆಯವರೆಗೂ ಅಂಕಗಳನ್ನು ಚೀಟಿಗಳ ಮೇಲೆ ಬರೆದುಕೊಟ್ಟಳು. ಅವುಗಳಲ್ಲೊಂದು ಷಡಕ್ಷರಪ್ಪನವರ ಮೊಮ್ಮಗಳು ಪ್ರಿಯದರ್ಶಿನಿಯದು.

ಮೇ ೧೨, ಬುಧವಾರ, ಮತ್ತೆ ಬಾಗಿಲಿಗೆ ಬೀಗ ಬಿತ್ತು. ಬಸವರಾಜೇಶ್ವರಿ ಕೆಳಗಿಳಿದು ಕೀಲಿಯನ್ನು ಗಲ್ಲಾದ ಮೇಲಿಟ್ಟಳು.

"ಮುಚ್ಚಿದ್ದೀನಿ, ತಗೊಳ್ಳಿ. ತೇಪೆ ಮುಗಿದ ಮೇಲೆ ಯಂತ್ರ ಕೆಳಗಿಳಿಸ್ಕೊಂಡು ಮಾಳಿಗೆ ಖಾಲಿ ಮಾಡ್ತೀನಿ."

ಷಡಕ್ಷರಪ್ಪನವರು ಬಟ್ಟೆ ಅಳೆಯುವ ಗಜಕೋಲಿನ ತುದಿಯಿಂದ ಕೀಲಿಯನ್ನು ಅವಳತ್ತಲೇ ತಳ್ಳಿದರು.

"ಮೊದ್ಲು ಆ ಪ್ರಿಂಟರ್ ಸರಿ ಮಾಡ್ಸು ಮಾರಾಯ್ತಿ. ನೀನು ಬರೆಯೋ ಏಳು ಒಂದರ ಹಾಗಿದೆ. ಹುಡುಗಿ ಫೇಲ್ ಅಂತ ಮನೇಲಿ ಅರ್ಧ ದಿನ ಅತ್ತಿದ್ದಾರೆ."

"ನಾಳೆ ಮಾಡಿಸ್ತೀನಿ. ಇವತ್ತು ಬುಧವಾರ," ಎಂದು ಅವಳು ಕೀಲಿ ಎತ್ತಿಕೊಂಡು ಮೆಟ್ಟಿಲೇರಿದಳು.