ಕೈ ಕೊಟ್ಟ ಮಾಮ

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ, ದಪ್ಪಗೆ, ಆಮೆಯ ಚಿಪ್ಪಿನ ಹಾಗಿತ್ತು. ಹಿಂದೆ ಯಾವಾಗಲೋ ಕಾರ್ಖಾನೆಯಲ್ಲಿ ಜಜ್ಜಿಹೋಗಿ, ಆಮೇಲೆ ಹಾಗೆಯೇ ಬೆಳೆದದ್ದಂತೆ. ಸಣ್ಣ ಸ್ಕ್ರೂ ಇದ್ದರೆ ಅವರು ಸ್ಕ್ರೂಡ್ರೈವರ್ ಹುಡುಕುತ್ತಿರಲಿಲ್ಲ. ಆ ಉಗುರನ್ನೇ ಇಟ್ಟು ತಿರುಗಿಸುತ್ತಿದ್ದರು. ಅವರ ಕೈಯಲ್ಲಿ ಯಾವಾಗಲೂ ಎರಡು ವಾಸನೆ: ತೇಯ್ದ ಗಂಧದ್ದೊಂದು, ಸುಟ್ಟ ವೈರಿನದೊಂದು.

ವೆಸ್ಟ್ ಮಾಂಬಲಂನಲ್ಲಿ ನಾವಿದ್ದ ಕಟ್ಟಡದ ಕೆಳಮನೆಯವರು ಅವರು. ಹತ್ತಿರದ ಗಿಂಡಿ ಎಂಬ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾಗಿದ್ದರು. ಮಕ್ಕಳಿಗೆ, ದೊಡ್ಡವರಿಗೆ, ಇಸ್ತ್ರಿಯವನಿಗೆ, ಎಲ್ಲರಿಗೂ ಅವರು ಮಾಮ.

ಮದುವೆಯಾದ ಹೊಸತರಲ್ಲಿ ನಾನೂ ನನ್ನ ಯಜಮಾನರೂ ಮೈಸೂರಿನ ಕಡೆಯಿಂದ ಬಂದು ಸಾಮಾನು ಇಳಿಸುತ್ತಿದ್ದಾಗ ನಮ್ಮ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮಾಮ ವೇಷ್ಟಿ ಎತ್ತಿ ಕಟ್ಟಿಕೊಂಡು ಬಂದು, “ಇರುಂಗ ಸಾರ್, ನಾನ್ ಕೈ ಕುಡುಕ್ಕಿರೇನ್” ಎಂದರು. ನನಗೆ ತಮಿಳು ಬರುತ್ತಿರಲಿಲ್ಲ. ಕೈ ಕೊಡುವ ಮಾತೊಂದು ಕಿವಿಗೆ ಬಿತ್ತು.

“ರೀ, ಬೇಡಾ ಅನ್ರೀ! ಈ ಮನುಷ್ಯ ಮೊದಲೇ ಹೇಳ್ತಿದಾರೆ, ಕೈ ಕೊಡ್ತೀನಿ ಅಂತ!”

ತಮಿಳು ಬಲ್ಲ ನಮ್ಮ ಯಜಮಾನರು ನಕ್ಕ ರಭಸಕ್ಕೆ ಬೀರು ಕೈಜಾರಬೇಕಿತ್ತು. ತಮಿಳಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ನಮ್ಮಲ್ಲಿ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಇದನ್ನು ತಿಳಿಸಿ ಹೇಳಿದಾಗ ಮಾಮ ಸೊಂಟದ ಮೇಲೆ ಕೈಯಿಟ್ಟು, “ಏಮ್ಮಾ, ಉಂಗ ಊರ್ಲ ಉದವಿ ಪಣ್ರವನೈ ತಿಟ್ಟುವೀಂಗಳಾ?” ಎಂದರು. ನಿಮ್ಮೂರಲ್ಲಿ ಸಹಾಯ ಮಾಡುವವರನ್ನು ಬೈತೀರಾ ಎಂದು. ಅಂದಿನಿಂದ ಅದು ಎರಡೂ ಮನೆಯ ತಮಾಷೆ. ಗ್ಯಾಸ್ ಮುಗಿದರೂ, ನಲ್ಲಿ ಸೋರಿದರೂ ಅವರು ಕೆಳಗಿನಿಂದಲೇ, “ಕನ್ನಡತ್ತಮ್ಮಾ, ಕೈ ಕುಡುಕ್ಕಟ್ಟುಮಾ?” ಎಂದು ಕೂಗುತ್ತಿದ್ದರು. “ಕೊಡಿ ಮಾಮ, ಆದ್ರೆ ತಮಿಳಲ್ಲಿ ಕೊಡಿ” ಎಂದು ನಾನು ಮೇಲಿನಿಂದ.

ಕೊಟ್ಟರು ಕೂಡ. ನಮ್ಮ ಮಿಕ್ಸಿ, ಗ್ರೈಂಡರ್, ಫ್ಯಾನು, ಅವರ ಉಗುರು ಮುಟ್ಟದ ವಸ್ತು ಮನೆಯಲ್ಲಿರಲಿಲ್ಲ. “ಮನುಷನ್ ಮೂಡಿನದೈ ಮನುಷನ್ ತೊರಕ್ಕಲಾಂ” ಎನ್ನುತ್ತಿದ್ದರು. ಮನುಷ್ಯ ಮುಚ್ಚಿದ್ದನ್ನು ಮನುಷ್ಯ ತೆರೆಯಬಹುದು. ಒಂದು ಪದ್ಧತಿ ಮಾತ್ರ ಬಿಡುತ್ತಿರಲಿಲ್ಲ. ರಿಪೇರಿಯಾದ ವಸ್ತುವನ್ನು ಮುಚ್ಚುವ ಮೊದಲು ಅದರ ಹೊಟ್ಟೆಯೊಳಗೆ ಗಂಧದ ಬೊಟ್ಟಿಟ್ಟು, ನಡುವೆ ಕುಂಕುಮ ಹಚ್ಚಿ, ಕಣ್ಣುಮುಚ್ಚಿ ಮುರುಗನನ್ನು ನೆನೆಯುತ್ತಿದ್ದರು. ಹೊರಗೆ ಹಚ್ಚಿದರೆ ಒರೆಸಿಬಿಡ್ತೀರಿ, ಒಳಗಿದ್ದರೆ ದೇವರು ಕಾಯ್ತಾನೆ ಎನ್ನುವುದು ಅವರ ಲೆಕ್ಕ. ನನಗೆ ಅದು ಎಷ್ಟು ಹಿಡಿಸಿತ್ತೆಂದರೆ, ಆಯುಧ ಪೂಜೆಯಲ್ಲಿ ಮನೆಯ ವಸ್ತುಗಳಿಗೆ ಬೊಟ್ಟಿಡುವಾಗ, ಇವುಗಳ ಒಳಗೂ ಪೂಜೆಯಾಗಿದೆಯಲ್ಲ ಎಂದು ಸಮಾಧಾನವಾಗುತ್ತಿತ್ತು.

ನಮ್ಮ ಮಗಳು ಹನ್ನೆರಡರ ವಯಸ್ಸಿನಲ್ಲಿ ಅದೇ ಮೆಟ್ಟಿಲ ತಿರುವಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಇವರು ಟೂರಿನಲ್ಲಿದ್ದರು. ಮಾಮ ಅವಳನ್ನು ಹಲಗೆಯ ಮೇಲೆ ಮಲಗಿಸಿ ಕೆಳಗಿಳಿಸಿ, ಆಸ್ಪತ್ರೆಯವರೆಗೂ ಅವಳ ಕಾಲನ್ನು ತಮ್ಮ ತೊಡೆಯ ಮೇಲೆ ಅಲುಗದ ಹಾಗೆ ಹಿಡಿದಿದ್ದರು. ಕಾಲು ಸೊಟ್ಟಗಾಗದೆ ಕೂಡಿಕೊಂಡಿತೆಂದರೆ ಅದು ದೇವರ ದಯೆ, ಆ ಕೈಗಳ ದಯೆ. ಇದನ್ನು ನಾನು ಎಂದೂ ಇಲ್ಲವೆನ್ನುವುದಿಲ್ಲ.

ಸೊಂಟದವರೆಗೆ ಪ್ಲಾಸ್ಟರ್, ಅಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಸುಡುಬಿಸಿಲು, ಬೇಸಿಗೆ ರಜೆ. ಮೊದಮೊದಲು ಕಟ್ಟಡದ ಮಕ್ಕಳು ನೋಡಲು ಬಂದರು, ಆಮೇಲೆ ಬರುವುದು ನಿಂತಿತು. ಮಲಗಿದವಳ ಹತ್ತಿರ ಯಾರು ಎಷ್ಟು ಹೊತ್ತು ಕೂರುತ್ತಾರೆ? ಮಗಳು ಗೋಡೆಯ ಕಡೆ ತಿರುಗಿಕೊಂಡು ಮಾತನ್ನೇ ಬಿಟ್ಟಳು. ಆಗ ಇವರು ಪ್ಯಾರೀಸ್ ಕಾರ್ನರಿನ ಅಂಗಡಿಸಾಲಿಗೆ ಹೋಗಿ, ಅಗ್ಗದ ಮಾಲು ಬೇಡವೆಂದು ಬಿಲ್ಲು, ವಾರಂಟಿ ಎಲ್ಲ ಕೇಳಿ, ಟೀವಿಗೆ ಜೋಡಿಸುವ ವಿಡಿಯೋ ಗೇಮಿನ ಪೆಟ್ಟಿಗೆ ತಂದರು. ಮಾರನೆಯ ದಿನವೇ ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಕೂಗಾಟ, ಜಗಳ, ನನ್ನ ಮಗಳ ನಗು. ನಾನು ಆ ಚಪ್ಪಲಿಗಳನ್ನು ನೋಡಿಯೇ ದೇವರಿಗೆ ಕೈಮುಗಿಯುತ್ತಿದ್ದೆ.

ಬಿಸಿಲು ಏರಿದ ಹಾಗೆ ಪೆಟ್ಟಿಗೆಯೂ ಕಾಯತೊಡಗಿತು. ಮೇಲೆ ಕೈಯಿಟ್ಟರೆ ದೋಸೆಹೆಂಚು. ಆಟದ ನಡುವೆ ತಾನಾಗಿ ಆರಿಹೋಗುತ್ತಿತ್ತು. ಚಪ್ಪಲಿಗಳು ಕಡಿಮೆಯಾದವು. ಮತ್ತೆ ಟೂರಿನಲ್ಲಿದ್ದ ಇವರು ಫೋನಿನಲ್ಲಿ, “ಹಿಂದ್ಗಡೆ ಒಂದು ಸೀಲ್ ಇದೆ, ಅದು ಹರಿದ್ರೆ ವಾರಂಟಿ ಹೋಯ್ತು ಅಂತ ತಿಳ್ಕೋ. ಯಾರ ಕೈಗೂ ಕೊಡ್ಬೇಡ. ನಾ ಬಂದು ಕಂಪನಿಗೆ ಕೊಡ್ತೀನಿ” ಎಂದರು.

ಮಾಮನಿಗೆ ವಾರಂಟಿ ಎಂಬ ಮಾತೇ ಅವಮಾನ. “ಕಂಪನೀಲ ಕುಡುತ್ತಾ ಲೀವೇ ಮುಡಿಂಜಿಡುಂ” ಎಂದರು. ಅದು ತಿರುಗಿ ಬರುವಷ್ಟರಲ್ಲಿ ರಜೆಯೇ ಮುಗಿಯುತ್ತದೆ ಎಂದು. ಹೊರಗಿನಿಂದ ಧೂಳು ಊದಿ, ಒಂದು ರಾತ್ರಿ ತಮ್ಮ ಕೂಲರಿನ ಮುಂದಿಟ್ಟು ಕೊಡುತ್ತೇನೆ ಎಂದರು.

“ತೆರೀಬಾರ್ದು ಮಾಮ. ಸೀಲ್ ಇದೆ.”

“ತೊಡಮಾಟ್ಟೇಮ್ಮಾ. ಮುರುಗನ್ ಮೇಲ ಸತ್ಯಂ.”

ಮುಟ್ಟುವುದಿಲ್ಲ, ಮುರುಗನಾಣೆ. ಅದಾದ ಮೇಲೆ ನಾನು ಅನುಮಾನಿಸುವುದುಂಟೆ? ಕೊಟ್ಟೆ.

ಮರುದಿನ ತಂದುಕೊಟ್ಟರು. ಸೀಲ್ ಇದ್ದ ಹಾಗೇ ಇತ್ತು. ಒಂದೆರಡು ದಿನ ಚೆನ್ನಾಗಿಯೇ ಓಡಿತು, ಮಾಮನಿಗೆ ಕೇಸರಿಬಾತ್ ಮಾಡಿಕೊಟ್ಟೆ. ಆಮೇಲೆ ಒಂದು ಸಂಜೆ ಸುಟ್ಟ ವಾಸನೆ ಬಂದು ಸತ್ತೇಹೋಯಿತು. “ನಿಜ ಹೇಳಿ ಮಾಮ, ತೆರೆದ್ರಾ?” ಎಂದು ಕೇಳಿದೆ. “ಚುಮ್ಮಾ ಊದಿನೇಮ್ಮಾ, ಅವ್ಳೋದಾನ್” ಎಂದರು. ಸುಮ್ಮನೆ ಊದಿದೆ, ಅಷ್ಟೇ ಎಂದು.

ಇವರು ಬರುವವರೆಗೆ ಕಾಯಲು ನನಗೆ ಮನಸ್ಸಿರಲಿಲ್ಲ. ಮಗಳು ಮತ್ತೆ ಗೋಡೆಯ ಕಡೆ ತಿರುಗಿದ್ದಳು. ಗಿಂಡಿಯ ಸರ್ವೀಸ್ ಸೆಂಟರಿಗೆ ನಾನೇ ಹೊರಟೆ. “ನಾನುಂ ವರೇನ್” ಎಂದು ಮಾಮ ತಾವಾಗಿಯೇ ಜೊತೆಗೆ ಬಂದರು. ರೈಲಿನಲ್ಲಿ ಪೆಟ್ಟಿಗೆಯನ್ನು ಅವರೇ ಮಡಿಲಲ್ಲಿಟ್ಟುಕೊಂಡಿದ್ದರು.

ಕೌಂಟರಿನ ಹುಡುಗಿ, ಮನೆಯಲ್ಲಿ ಯಾರಾದರೂ ಇದನ್ನು ತೆರೆದಿದ್ದೀರಾ ಎಂದು ಕೇಳಿದಳು. “ಇಲ್ಲಮ್ಮಾ” ಎಂದೆ. ಎಲ್ಲರೂ ಹಾಗೇ ಹೇಳ್ತಾರೆ ಎನ್ನುವಂತೆ ಅವಳು ನಕ್ಕಳು. ನನಗೆ ಆ ನಗು ತಡೆಯಲಿಲ್ಲ. “ನಂಬಮ್ಮಾ. ಎಂಗ ನಂಜುಂಡೇಶ್ವರನ್ ಮೇಲ ಸತ್ಯಂ” ಎಂದುಬಿಟ್ಟೆ. ನಮ್ಮ ಮನೆದೇವರ ಹೆಸರನ್ನು ಆಣೆಗೆಂದು ಎತ್ತಿದವಳಲ್ಲ ನಾನು. ಅಂದೇ ಮೊದಲು. ಪಕ್ಕದಲ್ಲಿ ಮಾಮ ಚಾವಣಿಯ ಫ್ಯಾನನ್ನು ನೋಡುತ್ತಿದ್ದರು.

ಒಳಗಿನಿಂದ ಕನ್ನಡಕದ ಟೆಕ್ನೀಷಿಯನ್ ಬಂದು ನಮ್ಮೆದುರಿಗೇ ಸೀಲ್ ಎತ್ತಿ ನೋಡಿದ. ಇಸ್ತ್ರಿಪೆಟ್ಟಿಗೆಯ ಬಿಸಿ ಕೊಟ್ಟು ಬಿಡಿಸಿ ಮತ್ತೆ ಅಂಟಿಸಿದ್ದಾರೆ ಎಂದ. ಮುಚ್ಚಳ ತೆಗೆದ. ತಗಡಿನ ಮೇಲೆ, ಒಣಗಿ ಬಿರುಕುಬಿಟ್ಟ ಗಂಧದ ಬೊಟ್ಟು. ನಡುವೆ ಕುಂಕುಮ.

“ಮೇಡಂ, ಇಂದ ಪೊಟ್ಟು ಎಂಗ ಕಂಪನಿ ವೆಕ್ಕರದಿಲ್ಲೆ” ಎಂದ ಅವನು. ಈ ಬೊಟ್ಟು ನಮ್ಮ ಕಂಪನಿಯವರು ಇಡುವುದಲ್ಲ! ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ನಾನು ಮಾಮನ ಮುಖ ನೋಡಿದೆ. ಒಂದು ಮಾತು, ನಾನೇ ತೆರೆದದ್ದು ಎಂಬ ಒಂದು ಮಾತು ಆಡುತ್ತಾರೆಂದು ಕಾದೆ. ಅವರು ಗಂಟಲು ಸರಿಮಾಡಿಕೊಂಡು ಆ ಹುಡುಗನಿಗೆ ಹೇಳಿದರು: “ಇವಂಗ ಎಲ್ಲಾತ್ತುಕ್ಕುಂ ಪೊಟ್ಟು ವೆಪ್ಪಾಂಗ ತಂಬಿ. ಆಯುಧ ಪೂಜೈಕ್ಕು ಗ್ರೈಂಡರುಕ್ಕು ಕೂಡ.” ಇವರು ಎಲ್ಲದಕ್ಕೂ ಬೊಟ್ಟಿಡುತ್ತಾರೆ, ಗ್ರೈಂಡರಿಗೆ ಕೂಡ.

ಸುಳ್ಳಲ್ಲ. ನಾನು ಇಡುತ್ತೇನೆ. ಹೊರಗೆ ಇಡುತ್ತೇನೆ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮಗಳ ಕಾಲನ್ನು ಹಿಡಿದ ಕೈ ಕಣ್ಣಮುಂದೆ ಬಂತು. ಹುಡುಗಿ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. ವಾರಂಟಿ ಇಲ್ಲ.

ಗಿಂಡಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತು, “ಯಾಕ್ ಮಾಮ?” ಎಂದು ಕೇಳಿದೆ. ಅವರು ಆ ಕಪ್ಪು ಉಗುರಿನಿಂದ ಪೆಟ್ಟಿಗೆಯ ಅಂಚನ್ನು ಕೆರೆಯುತ್ತ, “ಉನ್ ಪೊಣ್ಣುಕ್ಕಾಗತ್ತಾನ್ಮಾ” ಎಂದರು. ನಿನ್ನ ಮಗಳಿಗೋಸ್ಕರವೇ ಅಂತೆ. ತಪ್ಪಾಯಿತು ಎನ್ನಲಿಲ್ಲ. ತೆರೆದದ್ದನ್ನು ನಾನು ಮರೆಯಬಲ್ಲೆ. ಮುರುಗನ ಆಣೆಯನ್ನು ಅವರೂ ಮುರುಗನೂ ನೋಡಿಕೊಳ್ಳಲಿ. ನನ್ನ ಬಾಯಿಂದ ನನ್ನ ದೇವರ ಮೇಲೆ ಸುಳ್ಳಾಣೆ ಹೊರಡುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರಲ್ಲ, ಅದು ಇಂದಿಗೂ ನುಂಗಲಾಗುವುದಿಲ್ಲ.

ಮನೆಗೆ ಬಂದವಳೇ ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಮುಂದಿಟ್ಟೆ. ಮಗಳು, “ಮಾಮ ಸರಿ ಪಣ್ಣಿಡುವಾರಾಮ್ಮಾ?” ಎಂದಳು. ಮಾಮ ಸರಿಮಾಡಿಬಿಡ್ತಾರಾ ಎಂದು. “ಇಲ್ಲ ಪುಟ್ಟಿ” ಎಂದೆ. ಚಪ್ಪಲಿಗಳು ಒಂದೊಂದೇ ಇಲ್ಲವಾದವು. ಎದುರುಮನೆಯ ಹುಡುಗಿಯ ಹವಾಯಿ ಚಪ್ಪಲಿ ಮಾತ್ರ ಉಳಿಯಿತು. ಅವಳು ಅವರಜ್ಜಿಯ ಪಲ್ಲಾಂಗುಳಿ, ಎಂದರೆ ನಮ್ಮ ಅಳಗುಳಿ ಮಣೆ ತಂದು ಹುಣಿಸೆಬೀಜ ಹಾಕಿ ಆಡಿಸುತ್ತಿದ್ದಳು. ಬಡವಳ ಮೇಲೆ ಅಷ್ಟಾದರೂ ದೇವರಿಗೆ ಕರುಣೆಯಿತ್ತು.

ಮಾಮ ಏನೂ ಆಗದವರಂತೆಯೇ ಇದ್ದರು. “ಮಿಕ್ಸಿ ಎಪ್ಪಡಿ ಓಡುದು?” ಎಂದು, ಹೇಗೆ ಓಡ್ತಿದೆ ಎಂದು ಕೇಳುತ್ತಿದ್ದರು. ಆ ಮಿಕ್ಸಿ ಕೆಟ್ಟಾಗ ನಾನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟೇಷನ್ ರಸ್ತೆಯ ಅಂಗಡಿಗೆ ಒಯ್ದೆ. ಬಾಗಿಲಲ್ಲಿ ಕೂತಿದ್ದ ಅವರು ಸೆರಗಿನ ಉಬ್ಬನ್ನು ನೋಡಿದರು. ಕೂಗಿ ಕರೆಯಲಿಲ್ಲ. ಮುಂದೆಯೂ ಕೈ ಕೊಡಲೇ ಎಂದು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಪೂಜೆಗೆ ಗಂಧ ತೇಯುತ್ತ ಕೂತಿದ್ದಾಗಲೇ ಮಾಮ ಹೋದರು. ಒಳ್ಳೆಯ ಸಾವು. ನಾನು ಹೋಗಿ ಮಾಮಿಯ ಪಕ್ಕ ಕೂತೆ. ನೆಲದ ಮೇಲೆ ಮಲಗಿಸಿದ್ದರು. ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದರು, ಆ ಕಪ್ಪು ಉಗುರು ಮೇಲಕ್ಕಿತ್ತು. ಮಾಮಿಗೆ ಗಿಂಡಿಯ ವಿಷಯ ಗೊತ್ತಿರಲಿಲ್ಲ. ಬಂದವರಿಗೆಲ್ಲ ನನ್ನನ್ನು ತೋರಿಸಿ, ಇವಳು ಅವರಿಗೆ ಮಗಳ ಹಾಗೆ ಎಂದು ಅಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ನೀಯೇ ಸೊಲ್ಲು, ಉನಕ್ಕು ಎವ್ವಳವು ಕೈ ಕುಡುತ್ತಿರುಕ್ಕಾರ್!” ಎಂದರು. ನೀನೇ ಹೇಳು, ನಿನಗೆ ಎಷ್ಟು ಕೈ ಕೊಟ್ಟಿದ್ದಾರೆ!

ಎಲ್ಲರೂ ನನ್ನ ಮುಖ ನೋಡಿದರು. ಸತ್ತವರ ಮುಂದೆ ನಿಜ ಹೇಳಬಾರದು, ದೇವರ ಮುಂದೆ ಇನ್ನೊಂದು ಸುಳ್ಳು ನನ್ನಿಂದಾಗದು. ನನ್ನ ನಾಲಗೆ ತಾನಾಗಿ ನಮ್ಮೂರಿಗೆ ಹೊರಳಿತು.

“ಹೌದು ಮಾಮಿ,” ಎಂದೆ. “ಕೈ ಕೊಟ್ರು.”

ಮಾಮಿ ತಲೆಯಾಡಿಸಿ, ನನ್ನ ಕೈ ಹಿಡಿದುಕೊಂಡು ಇನ್ನಷ್ಟು ಅತ್ತರು. ನಾನೂ ಅತ್ತೆ.