ಮೂರನೇ ಹಾಡಿನ ಶುರು

ತಮ್ಮನು ಬಾಡಿಗೆ ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ಅಕ್ಕನ ರೆಕಾರ್ಡುಗಳ ಪೆಟ್ಟಿಗೆಯೂ ಇತ್ತು. ಹೊಸ ಮನೆ ಹಳೆಯದಕ್ಕಿಂತ ಚಿಕ್ಕದು. ಅವನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇದಕ್ಕೆ ಜಾಗ ಬೇಕು ಅಂದ್ರೆ ನೀವು ಹೊರಗೆ ಮಲಗಬೇಕಾಗತ್ತೆ" ಎಂದಳು. ಹಾಗಾಗಿ ಒಂದು ರಜೆಯ ದಿನ ಅವನು ಪೆಟ್ಟಿಗೆಯನ್ನೂ, ಅದರ ಜೊತೆಗಿದ್ದ ಪ್ಲೇಯರನ್ನೂ ಬಾಡಿಗೆ ಗಾಡಿಗೆ ಹಾಕಿಸಿಕೊಂಡು ಬಂದು, ಏದುಸಿರು ಬಿಡುತ್ತಾ ಅಕ್ಕನ ಮನೆಯ ಮೆಟ್ಟಿಲು ಹತ್ತಿದ.

ಅಕ್ಕ ತಂಪು ಪಾನೀಯದ ಕಾರ್ಖಾನೆಯಲ್ಲಿ ಬಾಟಲಿ ನೋಡುವವಳು. ತೊಳೆದ ಖಾಲಿ ಬಾಟಲಿಗಳು ಬೆಳಕಿನ ಹಲಗೆಯೊಂದರ ಮುಂದೆ ಸಾಲಾಗಿ ಓಡುತ್ತವೆ. ಬಿರುಕು ಬಿಟ್ಟದ್ದು, ಬಾಯಿ ಮುಕ್ಕಾದದ್ದು, ತಳದಲ್ಲಿ ಕೊಳೆ ಉಳಿದದ್ದು ಕಂಡರೆ ಬೆರಳಿನಿಂದ ಹೊರಗೆ ತಳ್ಳಬೇಕು. ಮದುವೆಯಾದ ಹೊಸತರಲ್ಲಿ ಆ ಹಲಗೆಯ ಮುಂದಿನ ಸ್ಟೂಲಿನ ಮೇಲೆ ಕೂತವಳು ಈಗಲೂ ಅಲ್ಲೇ ಕೂರುತ್ತಾಳೆ. ಅವಳ ಕಣ್ಣು ತಪ್ಪಿಸಿ ಒಂದು ಬಾಟಲಿಯೂ ಹೋಗುವುದಿಲ್ಲವೆಂದು ಜೊತೆಯವರು ಅವಳಿಗೆ ಹದ್ದು ಎಂದು ಹೆಸರಿಟ್ಟಿದ್ದರು.

ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದ ಹಾಗೆ ಅಕ್ಕನೊಳಗಿನ ಹದ್ದು ಹೋಗಿ ಹದಿನೆಂಟರ ಹುಡುಗಿ ಬಂದು ಕೂತಳು. "ಅಯ್ಯೋ, ಏಣಿ! ಏಣಿ ಇನ್ನೂ ಇದೆಯೇನೋ!"

ಏಣಿ ಎನ್ನುವುದು ಆ ಆಲ್ಬಮ್ಮಿಗೆ ಅಕ್ಕ ತಮ್ಮ ಇಟ್ಟುಕೊಂಡಿದ್ದ ಹೆಸರು. ಕಪ್ಪು ಹೊದಿಕೆಯ ಮೇಲೆ ಉರಿಯುತ್ತಿರುವ ಒಂದು ಏಣಿಯ ಚಿತ್ರ. ಹಾಗೆಯೇ ಇನ್ನೊಂದು 'ಕುದುರೆ', ಮತ್ತೊಂದು, ಹಾಡುಗಾರ ಬೆನ್ನು ತಿರುಗಿಸಿ ನಿಂತದ್ದು, 'ಬೆನ್ನು'. ಇಬ್ಬರೂ ಚಿಕ್ಕವರಿದ್ದಾಗ ಗುಜರಿ ಅಂಗಡಿಯಿಂದ ಪ್ಲೇಯರ್ ಹೊತ್ತು ತಂದು, ಅದರ ಸ್ಪೀಕರಿನ ಎರಡು ಪಕ್ಕದಲ್ಲಿ ತಲೆಯಿಟ್ಟು ನೆಲದ ಮೇಲೆ ಮಲಗಿ ಈ ರಾಕ್ ಹಾಡುಗಳನ್ನು ಕೇಳುತ್ತಿದ್ದರು. ಹಾಡಿನ ಮಾತು ಅರ್ಧ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದೂ ಅನ್ನಿಸುತ್ತಿರಲಿಲ್ಲ. ಅಮ್ಮ ಬಾಗಿಲು ಬಡಿದು, "ಯಾರನ್ನ ಕೊಲ್ತಿದೀರಿ ಒಳಗೆ?" ಎನ್ನುತ್ತಿದ್ದಳು. ಅಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಪೇಪರ್ ಓದುತ್ತಿದ್ದ.

ಅಕ್ಕ ಮದುವೆಯಾಗಿ ಹೋದದ್ದು ತುಂಬಿದ ಮನೆಗೆ. ಅತ್ತೆ, ಮಾವ, ನಾದಿನಿ, ನಡುವೆ ಮರೆಗೆ ಒಂದು ತಗಡಿನ ಗೋಡೆ. "ಆಮೇಲೆ ತಗೊಂಡು ಹೋಗ್ತೀನಿ, ಜೋಪಾನ" ಎಂದು ತಮ್ಮನಿಗೆ ಹೇಳಿ ಹೊರಟಿದ್ದಳು. ಆಮೇಲೆ ಕಾರ್ಖಾನೆ ಸೇರಿದಳು, ಮಗಳು ಹುಟ್ಟಿದಳು, ಮಾವ ಹಾಸಿಗೆ ಹಿಡಿದರು. ಆ 'ಆಮೇಲೆ' ಬಂದದ್ದು ಇವತ್ತು. ಅತ್ತೆ ಮಾವ ಈಗಿಲ್ಲ, ಮಗಳು ಬೇರೆ ಮನೆ ಮಾಡಿದ್ದಾಳೆ. ಉಳಿದದ್ದು ಅವಳು ಮತ್ತು ಮಂಡಿ ನೋವಿನಿಂದ ಗ್ಯಾರೇಜಿನ ಕೆಲಸ ಬಿಟ್ಟು ಮನೆಯಲ್ಲಿರುವ ಗಂಡ.

ತಮ್ಮ ಪ್ಲೇಯರಿನ ತಂತಿಗಳನ್ನು ಜೋಡಿಸಿದ. ಹೊಸ ಸೂಜಿ ಹಾಕಿಸಿಯೇ ತಂದಿದ್ದ. ಏಣಿಯನ್ನು ಅಂಗೈಗಳ ನಡುವೆ ಹಿಡಿದು, ಊದಿ, ಇಟ್ಟ. ಅಕ್ಕ ಸ್ಪೀಕರಿನ ಪಕ್ಕ ನೆಲದ ಮೇಲೆಯೇ ಕೂತಳು.

"ಒರೆಸಿ ಇಟ್ಟಿದೀಯ ಚೆನ್ನಾಗಿ. ಮೊದಲು ಚರಚರ ಅಂತಿತ್ತು, ಈಗ ಒಂದು ಚೂರೂ ಇಲ್ಲ" ಎಂದಳು.

ತಮ್ಮ ಅವಳ ಮುಖ ನೋಡಿದ.

ಮೊದಲ ಹಾಡು ಬಂತು. ಗಿಟಾರು ಮಂದವಾಗಿತ್ತು, ಹಾಡುಗಾರ ಕಂಬಳಿ ಹೊದ್ದು ಹಾಡಿದ ಹಾಗೆ. ಆದರೂ ಅವಳ ತೋಳಿನ ಮೇಲೆ ರೋಮ ಎದ್ದಿತು. ಎರಡನೆಯದು ಬಂತು. ಅವಳು ಕಣ್ಣು ಮುಚ್ಚಿದಳು. ಅವಳು ಕಾಯುತ್ತಿದ್ದದ್ದು ಮೂರನೆಯದಕ್ಕೆ. ಆ ಹಾಡಿನ ಶುರುವಿನಲ್ಲಿ ಬೇರೆ ಯಾವ ವಾದ್ಯವೂ ಇಲ್ಲ. ಡ್ರಮ್ಮಿನವನು ಪಕ್ಕದ ಹಿತ್ತಾಳೆ ತಟ್ಟೆಯನ್ನು ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟುತ್ತಾ ಹೋಗುತ್ತಾನೆ. ಯಾರೋ ಕತ್ತಲಲ್ಲಿ ಬಳೆ ಸರಿಸಿಕೊಳ್ಳುತ್ತಾ ನಡೆದು ಬಂದ ಹಾಗೆ. ಅದು ಹತ್ತಿರ ಬರುತ್ತದೆ, ಬರುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅಲ್ಲಿಯವರೆಗೂ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು.

ಈಗಲೂ ಹಿಡಿದಳು. ಏನೂ ಬರಲಿಲ್ಲ. ಉಸಿರು ಮುಗಿಯಿತು, ಇನ್ನೊಮ್ಮೆ ಎಳೆದುಕೊಂಡಳು. ಅಷ್ಟರಲ್ಲಿ ಧಡಾರನೆ ಗಿಟಾರೂ ಡ್ರಮ್ಮೂ ಬಂದು ಬಿದ್ದವು.

"ಶುರು ಎಲ್ಲೋ ಹೋಯ್ತು?" ಕಣ್ಣು ಬಿಟ್ಟು ಕೇಳಿದಳು.

"ಯಾವ ಶುರು?"

"ತಟ್ಟೆದು ಕಣೋ! ಅದೇ ಅಲ್ವಾ ಹಾಡು! ತಿಕ್ಕಿ ತಿಕ್ಕಿ ಅಳಿಸಿ ಹಾಕಿದೀಯ. ಯಾರ ಕೈಗೆ ಕೊಟ್ಟಿದ್ದೆ? ನಿನ್ನ ಕುಡುಕ ದೋಸ್ತಿಗಳಿಗಾ?"

ತಮ್ಮ ಬಾಯಿ ತೆರೆದ. ಅವನಿಗೆ ಶುರುವಿನ ಒಂದೊಂದು ಪೆಟ್ಟೂ ಕೇಳಿಸಿತ್ತು. ಅಕ್ಕನ ಮುಖದಲ್ಲಿ ಸಿಟ್ಟಿತ್ತು, ತುಂಬ ವರ್ಷಗಳ ನಂತರ ಕಂಡ, ಮಕ್ಕಳ ಹಾಗಿನ ಸಿಟ್ಟು. ಅವನು ಆ ಮಾತು ನುಂಗಿಕೊಂಡು, "ಹೂಂ ಅಕ್ಕಾ, ಹೋಗಿದೆ. ನಾನೇ ಹಾಳು ಮಾಡಿದೆ" ಎಂದ.

ಅವಳು ಅವನಿಗೆ ಒಂದಿಷ್ಟು ಬೈದು, ಆಮೇಲೆ ಟೀ ಮಾಡಿಕೊಟ್ಟಳು. ಅವನು ಲೋಟ ಪೂರ್ತಿ ಖಾಲಿ ಮಾಡದೆ ಎದ್ದು ಹೋದ.

ಮುಂದಿನ ವಾರವೆಲ್ಲ ಕೆಲಸದಿಂದ ಬಂದು ಕಾಲು ತೊಳೆದ ಕೂಡಲೇ ಅವಳು ಒಂದು ರೆಕಾರ್ಡು ಹಾಕುತ್ತಿದ್ದಳು. ಕುದುರೆಯಲ್ಲಿ ಒಂದು ಕಡೆ, ಬೆನ್ನಿನಲ್ಲಿ ಎರಡು ಕಡೆ ಏನೋ ಕಾಣೆಯಾಗಿತ್ತು. ಎಲ್ಲ ಪಾಪವೂ ತಮ್ಮನ ತಲೆಗೆ. ಒಂದು ಸಂಜೆ ಏಣಿಯನ್ನು ಹಾಕಿ, ಬಟ್ಟೆ ಮಡಚುತ್ತಾ ಮೂರನೆಯ ಹಾಡಿಗೆ ಕಾದಳು. ಗಂಡ ಮೇಜಿನ ಬಳಿ ಕೂತು ಕೆಟ್ಟ ಟಾರ್ಚನ್ನು ಬಿಚ್ಚುತ್ತಿದ್ದ. ಅವನಿಗೆ ಈ ಹಾಡುಗಳ ಗಂಧಗಾಳಿ ಇರಲಿಲ್ಲ. ಎರಡನೆಯ ಹಾಡು ಮುಗಿದು ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗಂಡನ ತೋರುಬೆರಳು ಮೇಜಿನ ಮೇಲೆ ಏಳುತ್ತಾ ಬೀಳುತ್ತಾ ಇತ್ತು. ಒಂದು, ಎರಡು, ತಡೆದು ಮತ್ತೊಂದು.

ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಏನು ಮಾಡ್ತಿದೀರಿ?"

"ಏನಿಲ್ಲ."

"ಬೆರಳು. ಬೆರಳು ಯಾಕೆ ಹಾಗೆ ಆಡಿಸ್ತಿದೀರಿ?"

"ಹಾಡು ಬರ್ತಿದೆಯಲ್ಲೇ" ಎಂದ ಅವನು ತಲೆಯೆತ್ತದೆ. "ಟಿಸ್ ಟಿಸ್ ಅಂತ. ಚೆನ್ನಾಗಿದೆ ಇದೊಂದು, ಕಿರುಚಾಟ ಇಲ್ಲ."

ಅವನ ಮಾತು ಮುಗಿಯುವ ಮೊದಲೇ ಧಡಾರನೆ ಎಲ್ಲವೂ ಬಂದು ಬಿದ್ದವು. ಅವಳು ಗೋಡೆ ಹಿಡಿದು ನಿಂತಳು. ಮನೆಯಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿದ್ದ ತಮಾಷೆಗಳು ಒಂದೊಂದಾಗಿ ನೆನಪಾದವು. ಟೀವಿಯ ಸದ್ದು ಕೇಳಿ ಪಕ್ಕದ ಮನೆಯವರು, ನಮಗೆ ಟೀವಿಯೇ ಬೇಡ ಬಿಡಿ ಎಂದದ್ದು. ಅಮ್ಮನಿಗೆ ಬೇಕಾದ್ದು ಮಾತ್ರ ಕೇಳಿಸತ್ತೆ ಎಂದು ಮಗಳು ಅಣಕಿಸಿದ್ದು. ಕುಕ್ಕರ್ ಕೂಗಿ ಕೂಗಿ ಹೊತ್ತಿಹೋದದ್ದು, ಅದಕ್ಕೆ ಅವಳು ಕುಕ್ಕರನ್ನೇ ಬೈದದ್ದು. ಎಲ್ಲರ ಜೊತೆ ತಾನೂ ನಕ್ಕಿದ್ದಳು.

ಕಿವಿಯ ಡಾಕ್ಟರು ಅವಳನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ಒಂದು ಚಿತ್ರ ತೋರಿಸಿದರು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು.

"ಎಲ್ಲಿ ಕೆಲಸ ಮಾಡ್ತೀರಮ್ಮ?"

ಅವಳು ಹೇಳಿದಳು. ಗಾಜಿಗೆ ಗಾಜು ಬಡಿಯುವ ಆ ಸಾಲಿನ ಮುಂದೆ ಯಾರೂ ಮಾತಾಡುವುದಿಲ್ಲ, ಕೈಸನ್ನೆಯಲ್ಲೇ ಎಲ್ಲ ಎಂದಳು.

"ಕಿವಿಗೆ ಹಾಕ್ಕೊಳ್ಳೋಕೆ ಏನೂ ಕೊಟ್ಟಿಲ್ವಾ?"

"ಕೊಟ್ಟಿದ್ರು, ಹಳದಿ ಬಿರಡೆ. ಹಾಕ್ಕೊಂಡ್ರೆ ಆಗಲ್ಲ ಡಾಕ್ಟ್ರೇ. ಪಕ್ಕದಲ್ಲೇ ತುಂಬೋ ಮೆಷಿನ್ನು. ಬಾಟಲಿ ಸಿಕ್ಕಿಬಿದ್ದು ಸಿಡಿಯೋ ಮುಂಚೆ ಸಾಲಿನ ಸದ್ದು ಬದಲಾಗತ್ತೆ. ಅದು ಕೇಳಿಸಿದ್ರೆ ಮುಖ ತಿರುಗಿಸ್ಕೋಬಹುದು. ಇಲ್ದಿದ್ರೆ ಕಣ್ಣು ಹೋಗತ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಿವಿಯೊಳಗೆ ಕೂದಲಿನಂಥ ಸಣ್ಣ ಎಳೆಗಳಿರುತ್ತವೆ, ತೆಳ್ಳಗಿನ ಸದ್ದನ್ನು ಹಿಡಿಯುವ ಎಳೆಗಳು ಸತ್ತುಹೋಗಿವೆ ಎಂದು ವಿವರಿಸಿದರು.

"ಮತ್ತೆ ಚಿಗುರಲ್ವಾ?"

"ಇಲ್ಲಮ್ಮ. ತಲೆಗೂದಲಲ್ಲ ಅದು."

"ಕೆಲಸ ಬಿಟ್ರೆ?"

"ಬಿಟ್ರೆ ಉಳಿದಿರೋದು ಉಳಿಯತ್ತೆ. ಹೋಗಿದ್ದು ಬರಲ್ಲ."

ಬಿಡುವ ಹಾಗಿರಲಿಲ್ಲ. ಗಂಡನ ಮಂಡಿ ಇನ್ನು ಗ್ಯಾರೇಜಿನ ನೆಲಕ್ಕೆ ಬಗ್ಗುವಂತಿರಲಿಲ್ಲ. ಅವಳು ಮರುದಿನ ಅದೇ ಸ್ಟೂಲಿನ ಮೇಲೆ ಹೋಗಿ ಕೂತಳು. ಸೂಪರ್‌ವೈಸರಿಗೆ ವಿಷಯ ತಿಳಿಸಿದಾಗ ಅವನು, "ನಿನ್ನ ಕೆಲಸ ಕಣ್ಣಿಂದು ತಾನೇ ಹದ್ದು, ಕಿವಿ ಯಾಕೆ?" ಎಂದ. ಅವನಿಗೆ ತಾನು ಕೆಟ್ಟದ್ದೇನೋ ಆಡಿದೆನೆಂದೂ ಅನ್ನಿಸಲಿಲ್ಲ. ಹೊಸ ಬಿರಡೆಗಳ ಪೊಟ್ಟಣವೊಂದನ್ನು ಕೈಗಿಟ್ಟ.

ಡಾಕ್ಟರು ಬರೆದುಕೊಟ್ಟ ಕಿವಿಯ ಯಂತ್ರವನ್ನು ಮಗಳು ತಂದುಕೊಟ್ಟಳು. ಮಾತಿಗೆ ಅದರಿಂದ ಉಪಯೋಗವಾಯಿತು. ಗಂಡ ಇಷ್ಟೊಂದು ಗೊಣಗುತ್ತಾನೆಂದು ಅವಳಿಗೆ ಗೊತ್ತಾದದ್ದೇ ಆಗ. ಆದರೆ ಅದನ್ನು ಹಾಕಿಕೊಂಡು ಏಣಿಯನ್ನು ಕೇಳಿದರೆ, ಯಾರೋ ಸ್ಟೀಲ್ ತಟ್ಟೆಗಳನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂತಿತ್ತು. ಮೊದಲ ಹಾಡಿಗೇ ಕಿತ್ತು ಮೇಜಿನ ಮೇಲಿಟ್ಟಳು.

ತಮ್ಮ ಸುದ್ದಿ ತಿಳಿದು ಬಂದ. ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುವುದಕ್ಕೆ ಬಹಳ ಹೊತ್ತು ಮಾಡಿದ.

"ಯಾಕೋ ಸುಳ್ಳು ಹೇಳಿದೆ?" ಎಂದಳು ಅಕ್ಕ.

"ಇನ್ನೇನು ಹೇಳಲಿ? ನನ್ನ ರೆಕಾರ್ಡು ಕೆಡಿಸಿದ ಅಂತ ನೀನು ಬೈದುಕೊಂಡು ಇರ್ತೀಯ ಅಂದ್ಕೊಂಡೆ. ಬೈಸ್ಕೊಳ್ಳೋದು ನಂಗೆ ಹೊಸದಲ್ಲ."

ಇಬ್ಬರೂ ನಕ್ಕರು. ಆಮೇಲೆ ಅವಳು, "ಬಾ, ಇಲ್ಲಿ ಕೂತ್ಕೋ. ಅದನ್ನ ಬಾಯಲ್ಲಿ ಹೇಳು. ಶುರುವಿಂದ" ಎಂದಳು.

ತಮ್ಮನಿಗೆ ನಾಚಿಕೆಯಾಯಿತು. ಐವತ್ತರ ಹತ್ತಿರದ ಗಂಡಸು, ತಲೆಯ ನಡುವೆ ಬೋಳಾದವನು, ಅಕ್ಕನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಹಲ್ಲು ಕಚ್ಚಿ ಶುರು ಮಾಡಿದ. ಅವನ ತುಟಿ ಅಗಲವಾಯಿತು, ಹಲ್ಲು ಕಂಡಿತು, ಕೊರಳಿನ ನರ ಆಡಿತು. ಅವಳು ಮುಂದಕ್ಕೆ ಬಾಗಿದಳು, ಇನ್ನೂ ಬಾಗಿದಳು. ಅವನ ಬಾಯಿಂದ ಬರುತ್ತಿದ್ದ ಗಾಳಿ ಅವಳ ಕೆನ್ನೆಗೆ ತಾಗುತ್ತಿತ್ತು. ಸದ್ದು ಮಾತ್ರ ಬರಲಿಲ್ಲ. ತೆಳ್ಳಗಿನ ಸದ್ದು ಯಾರ ಬಾಯಿಂದ ಬಂದರೂ ಒಂದೇ.

"ಹೂಂ" ಎಂದಳು. "ಸಾಕು ಬಿಡು."

ಅವನಿಗೆ ಗೊತ್ತಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಆದರೂ ಕೆಲವು ದಿನ ಒಂದು ಸಮಾಧಾನವಿತ್ತು. ಕಿವಿಗೆ ಬಾರದ್ದು ತಲೆಯೊಳಗಿತ್ತು. ಮೂರನೆಯ ಹಾಡಿನ ಶುರು ಬಂದಾಗ ಗಂಡನ ಬೆರಳು ನೋಡುತ್ತಾ ಅವಳು ತನ್ನೊಳಗಿನ ತಟ್ಟೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದಳು. ಇಷ್ಟಾದರೂ ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಅಂದುಕೊಂಡಳು. ದಿನಾ ಹಾಕಿದಳು. ಅಲ್ಲೇ ತಪ್ಪಾದದ್ದು. ಕೇಳುತ್ತಾ ಕೇಳುತ್ತಾ, ಕಂಬಳಿ ಹೊದ್ದ ಹಾಡು ಹಳೆಯದರ ಮೇಲೆ ಕೂತುಕೊಂಡಿತು. ಒಂದು ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಶುರುವನ್ನು ನೆನೆದರೆ, ಬಂದದ್ದು ಬರೀ ನಿಶ್ಶಬ್ದ, ಆಮೇಲೆ ಧಡಾರ್. ಮತ್ತೆ ನೆನೆದಳು. ಎರಡು ಪೆಟ್ಟಾದ ಮೇಲೆ ತಡೆಯುತ್ತಿತ್ತೋ, ಮೂರಾದ ಮೇಲೋ? ಅದು ಬಳೆಯ ಹಾಗಿತ್ತು ಎಂಬ ಮಾತು ಉಳಿದಿತ್ತು. ಬಳೆಯ ಸದ್ದು ಹೇಗಿರುತ್ತದೆಂದು ನೆನಪಿರಲಿಲ್ಲ.

ಅಂದು ಸಂಜೆಯೇ ಕಿವಿಯ ಯಂತ್ರ ಹಾಕಿಕೊಂಡು ತಮ್ಮನಿಗೆ ಫೋನ್ ಮಾಡಿ, "ಪೆಟ್ಟಿಗೇನ ಬಂದು ತಗೊಂಡು ಹೋಗು" ಎಂದಳು.

"ಎಲ್ಲಿಡಲಿ ಅಕ್ಕಾ? ಮನೇಲಿ ಜಾಗ ಇಲ್ಲ, ನಿಂಗೆ ಗೊತ್ತಲ್ಲ."

"ಮಾರು. ಯಾರಿಗಾದ್ರೂ ಕೊಡು. ಇಲ್ಲಿದ್ರೆ ನಾನು ಹಾಕ್ತೀನಿ, ಹಾಕಿದಷ್ಟೂ ತಲೇಲಿರೋದು ಹೋಗತ್ತೆ. ಪೆಟ್ಟಿಗೆ ನಿನ್ನ ಅಟ್ಟದ ಮೇಲೇ ಇದ್ದಿದ್ರೆ ನಂಗೆ ಎಲ್ಲಾನೂ ಕೇಳಿಸ್ತಿತ್ತು ಕಣೋ."

ತಮ್ಮ ಬಂದ. ಪೆಟ್ಟಿಗೆಗೆ ಹಗ್ಗ ಸುತ್ತುವಾಗ ಅವಳ ಗಂಡ ಕುಂಟುತ್ತಾ ಬಂದು ಗಂಟಲು ಸರಿಮಾಡಿಕೊಂಡ. "ಎಲ್ಲಾನೂ ಯಾಕೆ? ಆ ಏಣಿದೊಂದು ಇರಲಿ. ಪ್ಲೇಯರೂ ಇರಲಿ."

"ನಿಮಗ್ಯಾಕೆ ಭಾವಾ?" ಎಂದ ತಮ್ಮ ಆಶ್ಚರ್ಯದಿಂದ.

"ಅಭ್ಯಾಸ ಆಗ್ಬಿಟ್ಟಿದೆ" ಎಂದ ಅವನು ತಪ್ಪು ಮಾಡಿದವನ ಹಾಗೆ.

ತಮ್ಮ ಅಕ್ಕನ ಕಡೆ ನೋಡಿದ. ಅವಳು ಬೇಡವೆನ್ನಲಿಲ್ಲ. ಇಡೀ ಬದುಕಿನಲ್ಲಿ ಆ ಮನುಷ್ಯ ತನಗಾಗಿ ಕೇಳಿದ್ದು ಅಷ್ಟರಲ್ಲೇ ಇತ್ತು. ಉಳಿದದ್ದನ್ನು ತಮ್ಮ ಹೊತ್ತುಕೊಂಡು ಇಳಿದ. ಕುದುರೆ, ಬೆನ್ನು ಯಾರ ಪಾಲಾದವೆಂದು ಅವಳು ಆಮೇಲೆ ಕೇಳಲಿಲ್ಲ.

ಈಗ ಅವಳು ಕೆಲಸದಿಂದ ಬರುವ ಹೊತ್ತಿಗೆ ಗಂಡ ಒಳಗಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಾಡು ಕೇಳುತ್ತಿರುತ್ತಾನೆ. ಅವಳಿಗೆ ಕಷ್ಟವಾಗಬಾರದೆಂದು ಬಾಗಿಲು ಮುಚ್ಚುತ್ತಾನೆ. ಗೋಡೆಯ ಮೂಲಕ ಧಡಧಡ ಮಾತ್ರ ಅವಳ ಪಾದಕ್ಕೆ ತಾಗುತ್ತದೆ.

ಮೊನ್ನೆ ಅವನು ಮುಖ ಅರಳಿಸಿಕೊಂಡು ಹೊರಗೆ ಬಂದ. ಅವಳು ಆಲೂಗೆಡ್ಡೆ ಸುಲಿಯುತ್ತಿದ್ದಳು. ಅವಳ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದ: "ಕೊನೇ ಹಾಡಿನ ಕೊನೇಲಿ ಅವನು ಸಣ್ಣ ದನಿಯಲ್ಲಿ ಏನೋ ಮಾಡ್ತಾನಲ್ಲ. ಅಳ್ತಾನೋ, ನಗ್ತಾನೋ? ನಂಗೆ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಿರತ್ತೆ."

ಅವಳು ಚಾಕು ನಿಲ್ಲಿಸಿ ಹುಡುಕಿದಳು. ಆ ಹಾಡಿಗೆ ಹಾಗೊಂದು ಕೊನೆ ಇತ್ತೆಂಬುದೇ ನೆನಪಿಗೆ ಬರಲಿಲ್ಲ.

"ನಗ್ತಾನೆ" ಎಂದಳು.

"ಹಾಗೇ ಅಂದ್ಕೊಂಡೆ" ಎಂದು ಅವನು ಸಂತೋಷದಿಂದ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಅವಳು ಇನ್ನೊಂದು ಗೆಡ್ಡೆ ಕೈಗೆತ್ತಿಕೊಂಡಳು.